ಕೈಗೆ ಸಿಕ್ಕ ಬೆಳಕು

ಮಿಲಾನಿನ ಸ್ಫೋರ್ಜಾ ಕೋಟೆಯೆದುರು, ಪಿಯಾತ್ಸಾ ಕಾಸ್ತೆಲ್ಲೊ 27ನೇ ನಂಬರಿನ ಕಟ್ಟಡದಲ್ಲಿ ಒಂದು ಹಳೆಯ ಸ್ಟುಡಿಯೊ ಇದೆ. ಜಗತ್ತಿನ ಹೆಸರಾಂತ ದೀಪಗಳಲ್ಲಿ ಹಲವು ಹುಟ್ಟಿದ್ದು ಇಲ್ಲೇ ಎಂದು ಕೇಳಿಕೊಂಡು ಹೋದವಳಿಗೆ ಬಾಗಿಲು ದಾಟಿದೊಡನೆ ಕಂಡದ್ದು ದೀಪಗಳಲ್ಲ, ಅಟ್ಟದ ಸಾಮಾನು. ಹಾಲು ಕರೆಯುವಾಗ ಕೂರುವ ಮರದ ಮಣೆ, ಹತ್ತಾರು ಬಗೆಯ ಕನ್ನಡಕ, ಕತ್ತರಿ, ಆಟಿಕೆ, ಎಲ್ಲಿಂದಲೋ ಹೆಕ್ಕಿ ತಂದ ಸಣ್ಣಪುಟ್ಟ ಉಪಕರಣ. ಬೆಲೆಬಾಳುವಂಥದ್ದು ಯಾವುದೂ ಇಲ್ಲ. ಆದರೆ ಯಾವುದನ್ನೂ ಸುಮ್ಮನೆ ಎಸೆದಿಟ್ಟಿಲ್ಲ. ಒಂದೊಂದನ್ನೂ ಅಕ್ಕರೆಯಿಂದ ಜೋಡಿಸಿಟ್ಟಿದ್ದಾರೆ.

ಇವನ್ನು ಕೂಡಿಟ್ಟವರು ಅಕಿಲೆ ಕಾಸ್ತಿಲ್ಯೋನಿ. 1918ರಲ್ಲಿ ಹುಟ್ಟಿ 2002ರಲ್ಲಿ ತೀರಿಕೊಂಡ ಈ ವಾಸ್ತುಶಿಲ್ಪಿ, ಪಾಠ ಹೇಳಲು ಹೋಗುವಾಗ ಇಂಥ ಸಾಮಾನುಗಳನ್ನೇ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದರಂತೆ. ನನ್ನನ್ನು ಇಲ್ಲಿಗೆ ಕರೆತಂದ ಅಕ್ಕನ ಮಗಳು ಓದುತ್ತಿರುವುದು ಅವರು ಕಲಿಸಿದ ಮಿಲಾನಿನ ಪೊಲಿಟೆಕ್ನಿಕೊದಲ್ಲೇ, ಬೊವೀಸಾ ಕ್ಯಾಂಪಸ್ಸಿನ ಡಿಸೈನ್ ವಿಭಾಗದಲ್ಲಿ. ಮೈಸೂರಿನಲ್ಲಿ ಬೆಳೆದ ಹುಡುಗಿ ಈಗ ಇಲ್ಲಿನ ಟ್ರಾಮ್ ನಂಬರುಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾಳೆ. "ಡುವೊಮೊ ಚರ್ಚನ್ನ ಎಲ್ರೂ ನೋಡ್ತಾರೆ ಚಿಕ್ಕಮ್ಮ. ನಿನಗೆ ನಾನು ಮೇಜಿನ ದೀಪಗಳನ್ನ ತೋರಿಸ್ತೀನಿ" ಎಂದು ಮೊದಲೇ ಹೇಳಿಟ್ಟಿದ್ದಳು.

ಕಾಸ್ತಿಲ್ಯೋನಿ ಎಂದರೆ ಒಬ್ಬರಲ್ಲ. ಲಿವಿಯೊ, ಪಿಯೆರ್ ಜಾಕೊಮೊ, ಅಕಿಲೆ ಮೂವರು ಅಣ್ಣತಮ್ಮಂದಿರು, ಮೂವರೂ ವಾಸ್ತುಶಿಲ್ಪಿಗಳು. ಅಪ್ಪ ಶಿಲ್ಪಿ. ಹಿರಿಯ ಲಿವಿಯೊ 1950ರ ದಶಕದ ಆರಂಭದಲ್ಲಿ ತಮ್ಮ ದಾರಿ ಹಿಡಿದರು. ಉಳಿದಿಬ್ಬರು 1968ರಲ್ಲಿ ಪಿಯೆರ್ ಜಾಕೊಮೊ ತೀರಿಕೊಳ್ಳುವ ತನಕ ಜೊತೆಯಾಗಿಯೇ ಗೆರೆ ಎಳೆದರು. ಯಾವ ಗೆರೆ ಯಾರದ್ದೆಂದು ಬಿಡಿಸಲು ಹೋಗುವುದು ವ್ಯರ್ಥ. ಅಟ್ಟದ ಸಾಮಾನಿಗೂ ದೀಪಕ್ಕೂ ಏನು ಸಂಬಂಧ ಎಂಬುದಕ್ಕೆ ಮೂಲೆಯಲ್ಲಿ ನಿಂತಿದ್ದ 'ತೋಯೊ' ಉತ್ತರ ಹೇಳುತ್ತಿತ್ತು. 1962ರ ಈ ನಿಲುದೀಪದ ತಲೆ ಕಾರಿನ ಹೆಡ್‌ಲೈಟು. ತಂತಿ ಕೆಳಗಿಳಿಯುವುದು ಮೀನಿನ ಗಾಳದ ಕೋಲಿಗೆ ಹಾಕುವ ಬಳೆಗಳ ಮೂಲಕ. ಬುಡ ಅಲುಗದಂತೆ ತೂಕ ಕೊಡುವುದು ಟ್ರಾನ್ಸ್‌ಫಾರ್ಮರು. ಅದನ್ನು ಮುಚ್ಚಿಡುವ ಗೋಜಿಗೂ ಹೋಗಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 'ತಾಚ್ಚಾ'. ಗ್ರೀಕ್ ದೇವಾಲಯದ ಕಂಬವೊಂದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಅದರ ಮೇಲೆ ದೊಡ್ಡ ಗಾಜಿನ ಬೋಗುಣಿ ಇಟ್ಟಂತಿದೆ. ಕಂಬಕ್ಕೆ ಮೇಲಿನಿಂದ ಕೆಳಗಿನವರೆಗೆ ಉದ್ದುದ್ದ ಗೀರು ಗೀರು ಏಣು. ಬಲ್ಬು ಎಲ್ಲೆಂದು ಹುಡುಕಿದೆ, ಕಾಣಲಿಲ್ಲ. ಅದು ಕಂಬದ ಒಳಗೆ ಅಡಗಿ ಕೂತು ಬೆಳಕನ್ನು ಮೇಲಕ್ಕೆ ಉಗುಳುತ್ತದೆ. ಗಾಜಿನ ಬೋಗುಣಿಯನ್ನು ಮೇಲಿನಿಂದ ಮುಚ್ಚಿರುವ ಬಿಳಿ ಅಲ್ಯುಮಿನಿಯಂ ತಟ್ಟೆಗೆ ಆ ಬೆಳಕು ಬಡಿದು, ಮೆತ್ತಗಾಗಿ ಕೆಳಗಿಳಿಯುತ್ತದೆ. ಹಾಗಾಗಿ ಕಣ್ಣಿಗೆ ರಾಚುವ ಮಾತೇ ಇಲ್ಲ. ಇಷ್ಟೇ ಆಗಿದ್ದರೆ ಜಾಣತನ ಎಂದು ತಲೆದೂಗಿ ಮುಂದೆ ಹೋಗಬಹುದಿತ್ತು. ಅಷ್ಟರಲ್ಲಿ ನಮಗೆ ಸ್ಟುಡಿಯೊ ತೋರಿಸುತ್ತಿದ್ದ ಹುಡುಗಿ ಬೋಗುಣಿಯ ಅಂಚಿಗೆ ಅಂಗೈ ಇಟ್ಟು ಹೀಗೆ ಓರೆ ಮಾಡಿದಳು. ಬೆಳಕು ಗೋಡೆಯಿಂದ ಜಾರಿ ನೆಲಕ್ಕೆ ಬಂತು. ಇನ್ನೊಂದು ಕಡೆ ವಾಲಿಸಿದಳು; ನನ್ನ ಸೀರೆಯ ಅಂಚು ಬೆಳಗಿತು. ತಿರುಪಿಲ್ಲ, ಕೀಲಿಲ್ಲ, ಅಂಟಿಲ್ಲ! ಆ ಬೋಗುಣಿ ಕಂಬದ ಬಾಯಿಯ ಮೇಲೆ ತನ್ನ ತೂಕದಿಂದಲೇ ಕೂತಿದೆ, ಅಷ್ಟೆ. ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಬೆಳಕಿನ ಹಿಡಿತವನ್ನು ಹೀಗೆ ಸರಾಗವಾಗಿ ಮನೆಯವರ ಕೈಗೆ ಕೊಟ್ಟುಬಿಟ್ಟ ದೀಪವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅದರ ಹಿಂದಿನ ಕಥೆ ಇನ್ನೂ ಸೊಗಸು. 1950ರ ದಶಕದ ಕೊನೆಯಲ್ಲಿ ಇದರ ಮೊದಲ ಮಾದರಿ ಮಾಡಿದಾಗ ಬೋಗುಣಿ ಪಾರದರ್ಶಕ ಪ್ಲಾಸ್ಟಿಕ್ಕಿನದು. ಬಲ್ಬಿನ ಬಿಸಿಗೆ ಅದು ಸೊಟ್ಟಗಾಯಿತು. ದೀಪ ಮೂಲೆ ಸೇರಿತು. ಗಾಜು ಬಂದ ಮೇಲೆ, 1962ರಲ್ಲಿ, ಫ್ಲೋಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಇನ್ನು ಕಂಬದ ಆ ಏಣುಗಳು, ಅವು ಗ್ರೀಕರ ಮೇಲಿನ ಮೋಹಕ್ಕಷ್ಟೇ ಬಂದವಲ್ಲ. ಲೋಹದ ಮೈ ಹೆಚ್ಚಾದಷ್ಟೂ ಬಿಸಿ ಬೇಗ ಹೊರಗೆ ಹೋಗುತ್ತದೆ. ಮೋಟರ್‌ಸೈಕಲ್ ಎಂಜಿನ್ನಿಗೆ ತಗಡಿನ ಪದರ ಪದರ ಇರುವುದೂ ಅದಕ್ಕೇ. ಚಂದ ಕಾಣಿಸಿದ್ದು ಉಪಯೋಗಕ್ಕೂ ಬಂತೋ, ಉಪಯೋಗಕ್ಕೆ ಮಾಡಿದ್ದು ಚಂದ ಕಂಡಿತೋ, ನನಗೆ ಬಿಡಿಸಲಾಗಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ದೀಪಗಳನ್ನೂ ನಾನು ಎರಡೇ ಪ್ರಶ್ನೆ ಇಟ್ಟುಕೊಂಡು ನೋಡತೊಡಗಿದೆ. ಬಿಸಿಯನ್ನು ಏನು ಮಾಡಿದ್ದಾರೆ? ಕೈಗೆ ಏನು ಬಿಟ್ಟಿದ್ದಾರೆ? ಹಳೆಯ ತಂತಿಬಲ್ಬು ತಿಂದ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತಿತ್ತು. ಬೆಳಕಿನ ಹತ್ತಿರ ಕೈ ಒಯ್ಯಬೇಕು, ಕೈ ಸುಡಬಾರದು. ಆ ಕಾಲದ ಇಟಲಿಯವರ ಮೇಜಿನ ದೀಪಗಳೆಲ್ಲ ಈ ಇಕ್ಕಟ್ಟಿನಲ್ಲಿ ಹುಟ್ಟಿದವು. 1967ರ 'ಸ್ನೂಪಿ' ದೀಪದಲ್ಲಿ ಓರೆಯಾಗಿ ನಿಂತ ಅಮೃತಶಿಲೆಯ ಬುಡ, ಅದರ ಮೇಲೆ ಗಾಜಿನ ಬಿಲ್ಲೆ, ಅದರ ಮೇಲೆ ಕಾಮಿಕ್ಸಿನ ನಾಯಿಯ ಮೂತಿಯಂಥ ಲೋಹದ ಟೊಪ್ಪಿ. ನೋಡಿದರೆ ನಗು ಬರುತ್ತದೆ. 1972ರ 'ಲಂಪಾದೀನಾ' ಬಲು ಪುಟ್ಟದು: ದುಂಡನೆಯ ಬಲ್ಬು, ಅದರಡಿ ಒಂದು ರಾಟೆ. ಬೇಡವಾದ ತಂತಿಯನ್ನು ರಾಟೆಗೆ ಸುತ್ತಿಡುವುದು. ಅಂಗಡಿಯೊಂದಕ್ಕೆಂದು ಮಾಡಿದ್ದು ಆಮೇಲೆ ಮನೆ ಮನೆ ಸೇರಿತು.

ಊಟಕ್ಕೆ ಮೊದಲು ಡುವೊಮೊ ಕಡೆಗೂ ಹೋಗಿಬಂದೆವು, ಆದರೆ ಚರ್ಚು ನೋಡಲಿಕ್ಕಲ್ಲ. ಅದರ ಪಕ್ಕದಲ್ಲೇ ಸಾಂತಾ ರಾದೆಗೊಂದಾ ಎಂಬ ಚಿಕ್ಕ ಬೀದಿಯಿದೆ. ಒಂದು ಕಡೆ ರಿನಶೆಂತೆ ಎಂಬ ದೊಡ್ಡ ಬಟ್ಟೆಬರೆಯಂಗಡಿ, ತಿಂಡಿಗೆ ಸಾಲು ನಿಂತ ಜನ. 1883ರಲ್ಲಿ ಯುರೋಪ್ ಭೂಖಂಡದ ಮೊದಲ ವಿದ್ಯುತ್ ಕೇಂದ್ರ ಶುರುವಾದದ್ದು ಈ ಬೀದಿಯಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಲಾ ಸ್ಕಾಲಾ ಒಪೆರಾ ಮಂದಿರಕ್ಕೆ ಇಲ್ಲಿಂದಲೇ ದೀಪ ಹತ್ತಿತು. ಕಟ್ಟಡ ಈಗ ಇಲ್ಲ. ಅದಾಗಿ ಎಪ್ಪತ್ತೊಂದು ವರ್ಷಕ್ಕೆ, 1954ರಲ್ಲಿ, ಇದೇ ಬೀದಿಗೆ ಮೈ ತಾಗಿಸಿ ನಿಂತ ರಿನಶೆಂತೆ ಅಂಗಡಿಯವರು ಒಳ್ಳೆಯ ವಿನ್ಯಾಸಕ್ಕೆಂದು 'ಕೊಂಪಾಸ್ಸೊ ದೋರೊ' ಅಂದರೆ ಚಿನ್ನದ ಕೈವಾರ ಎಂಬ ಬಹುಮಾನ ಇಟ್ಟರು. ಆ ಮೊದಲ ವರ್ಷವೇ ಬಹುಮಾನ ಗೆದ್ದವುಗಳಲ್ಲಿ ಒಂದು ಮೇಜಿನ ದೀಪವಿತ್ತು. ಅದನ್ನು ಮಾಡಿದವರ ಕಥೆಗೆ ಆಮೇಲೆ ಬರುತ್ತೇನೆ. 1943ರ ಬಾಂಬುಗಳಿಗೆ ಸಿಕ್ಕಿ ಸ್ಕಾಲಾದ ಸೂರು ಕುಸಿದಿದ್ದ, ಅರ್ಧಕ್ಕರ್ಧ ಸುಟ್ಟು ನಿಂತಿದ್ದ ಊರು ಹತ್ತೇ ವರ್ಷದಲ್ಲಿ ಇಂಥದ್ದಕ್ಕೆ ಬಹುಮಾನ ಕೊಡುವಷ್ಟು ಚೇತರಿಸಿಕೊಂಡದ್ದನ್ನು ನೆನೆದರೆ ಈಗಲೂ ನನಗೆ ಬೆರಗು.

ಕೆಂಪು ಮೆಟ್ರೊ ಹಿಡಿದೆವು. 1964ರಲ್ಲಿ ಶುರುವಾದ ಈ ಮಾರ್ಗದ ನಿಲ್ದಾಣಗಳನ್ನು ರೂಪಿಸಿದವರು ಫ್ರಾಂಕೊ ಅಲ್ಬೀನಿ ಮತ್ತು ಫ್ರಾಂಕಾ ಹೆಲ್ಗ್. ಬೋರ್ಡುಗಳ ಅಕ್ಷರ ಬಾಬ್ ನೂರ್ಡಾ ಅವರದ್ದು. ಮೆಟ್ಟಿಲ ಪಕ್ಕದ ಕೆಂಪು ಕೊಳವೆಯ ಕೈಹಿಡಿಕೆ ತಿರುವುಗಳಲ್ಲಿ ಎಷ್ಟು ನುಣುಪಾಗಿ ಬಾಗಿದೆಯೆಂದರೆ ಹತ್ತುವವರ ಕೈ ತಾನಾಗಿ ಅದರ ಮೇಲೆ ಹರಿಯುತ್ತದೆ. ಮೆಟ್ರೊ ನೆಪ ಮಾತ್ರ. ನಮಗೆ ಬೇಕಿದ್ದದ್ದು ಈ ಮೆಟ್ರೊದ ಟಿಕೆಟ್ಟಿನ ಮೇಲೆ ಹುಟ್ಟಿದ ದೀಪ.

ವಾಸ್ತುಶಿಲ್ಪಿ ವೀಕೊ ಮಾಜಿಸ್ತ್ರೆತ್ತಿ ಕೆಲಸ ಮಾಡುತ್ತಿದ್ದ ವಿಯಾ ಕೊನ್ಸೆರ್ವತೋರಿಯೊ 20ರ ಸ್ಟುಡಿಯೊ ಈಗ ಪುಟ್ಟ ಮ್ಯೂಸಿಯಂ. 1965ರ ಸುಮಾರಿಗೆ ಅವರು ಮೆಟ್ರೊದಲ್ಲಿ ಕೂತು, ಕಾಗದ ಸಿಗದೆ ಟಿಕೆಟ್ಟಿನ ಮೇಲೆಯೇ ಗೀಚಿದ ಚಿತ್ರ 'ಎಕ್ಲಿಸ್ಸೆ', ಗ್ರಹಣ. ವಿಕ್ಟರ್ ಹ್ಯೂಗೊನ ಕಾದಂಬರಿಯ ಜೀನ್ ವಾಲ್‌ಜೀನ್ ಹಿಡಿದಿದ್ದ, ಮುಚ್ಚಳ ಎಳೆದು ಬೆಳಕು ಮರೆಮಾಡುವ ಕಳ್ಳಲಾಂದ್ರ ಅವರ ತಲೆಯಲ್ಲಿತ್ತಂತೆ. ಮೂರು ಅರ್ಧಗೋಳಗಳು: ಒಂದು ಬುಡಕ್ಕೆ, ಒಂದು ಹೊರಗಿನ ಚಿಪ್ಪಾಗಿ, ಇನ್ನೊಂದು ಅದರೊಳಗೆ ತಿರುಗುವ ಚಿಪ್ಪಾಗಿ. ಆರ್ತೆಮಿದೆ ಕಂಪನಿ ಅದನ್ನು ತಯಾರಿಸಿತು. 1967ರಲ್ಲಿ ಚಿನ್ನದ ಕೈವಾರ ಬಂತು.

ಅದನ್ನು ಹಚ್ಚಿ, ಒಳಚಿಪ್ಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದಾಗ ಆದದ್ದನ್ನು ಹೇಗೆ ಹೇಳಲಿ? ಮೊದಲು ಪೂರ್ತಿ ಬೆಳಕು. ಆಮೇಲೆ ಖಂಡಗ್ರಾಸ. ಇನ್ನೂ ತಿರುಗಿಸಿದರೆ ಬೆಳಕಿನ ಕುಡುಗೋಲು. ಕೊನೆಗೆ ಚಿಪ್ಪು ಬಲ್ಬನ್ನು ನುಂಗಿಯೇಬಿಟ್ಟಿತು ಎನ್ನುವಾಗ ಅಂಚಿನ ಸುತ್ತ ತೆಳ್ಳನೆಯ ಬಳೆಯಂತೆ ಬೆಳಕು ಉಳಿಯಿತು. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಡಿಕೇರಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಆಕಾಶ ನೋಡಿದವರಿಗೆ ಈ ಬಳೆ ಗೊತ್ತಿರುತ್ತದೆ. ಅಂದು ಕಂಕಣ ನೋಡಲು ಬೆಟ್ಟ ಹತ್ತಿ ಮೋಡಕ್ಕೆ ಹೆದರುತ್ತ ಕಾದಿದ್ದೆವು. ಇಲ್ಲಿ ಎರಡು ಬೆರಳು ಸಾಕಾಯಿತು. ಹಾಸಿಗೆಯ ಪಕ್ಕ ಮಗು ಮಲಗಿದೆ, ನಿಮಗೆ ಇನ್ನೆರಡು ಪುಟ ಓದಬೇಕಿದೆ ಅಂದುಕೊಳ್ಳಿ. ಬಲ್ಬಿನ ವೋಲ್ಟೇಜು ತಗ್ಗಿಸುವ ಯಾವ ಸಲಕರಣೆಯೂ ಇಲ್ಲದೆ, ಬರೀ ತಗಡು ತಿರುಗಿಸಿ ಬೇಕಾದಷ್ಟು ಬೆಳಕು ತೆಗೆದುಕೊಳ್ಳಬಹುದು.

ಒಂದು ಕೊರತೆ ಉಂಟು. ತಂತಿಬಲ್ಬಿನ ಕಾಲದಲ್ಲಿ ಈ ಒಳಚಿಪ್ಪು ಕಾದು, ತಿರುಗಿಸಲು ಹೋದ ಬೆರಳಿಗೆ ಚುರ್ ಎನ್ನಿಸುತ್ತಿತ್ತು. ದೀಪದ ಬಗ್ಗೆ ಬರೆದ ಹಲವರು ಇದನ್ನು ಗೊಣಗಿದ್ದಾರೆ. ಕೊಂಡವರು ಮಾತ್ರ ಕೊಳ್ಳುವುದನ್ನು ಬಿಟ್ಟಿಲ್ಲ. ಕಾಸ್ತಿಲ್ಯೋನಿಗಳು ಬಿಸಿಗೆ ದಾರಿ ಮಾಡಿಕೊಟ್ಟರು. ಮಾಜಿಸ್ತ್ರೆತ್ತಿ ಕಂಡೂ ಕಾಣದಂತೆ ಬಿಟ್ಟುಬಿಟ್ಟರು. ಆದರೂ ಇಬ್ಬರಲ್ಲಿ ಯಾರ ದೀಪ ಬೇಕೆಂದು ಕೇಳಿದರೆ ನನ್ನ ಓಟು ಎಕ್ಲಿಸ್ಸೆಗೆ. ತಾಚ್ಚಾದ ಬೆಲೆ ಸಾವಿರ ಯೂರೊಗಳ ಲೆಕ್ಕದಲ್ಲಿ, ಇದರದ್ದು ನೂರರ ಲೆಕ್ಕದಲ್ಲಿ. ಸಂಬಳದವರ ಮನೆಗೂ ಹೋಗಬಲ್ಲ ದೀಪದ ಬಗ್ಗೆ ನನಗೆ ಗೌರವ ಜಾಸ್ತಿ.

ಒಳ್ಳೆಯ ವಿನ್ಯಾಸವನ್ನು ಚಿತ್ರ ತೋರಿಸದೆ ಫೋನಿನಲ್ಲೇ ಹೇಳಿ ತಿಳಿಸಲು ಬರಬೇಕು ಎಂಬುದು ಮಾಜಿಸ್ತ್ರೆತ್ತಿಯವರ ನಂಬಿಕೆಯಾಗಿತ್ತು. ಸರಿ, ನೋಡಿಯೇಬಿಡೋಣ ಎಂದು ಅವರ 1977ರ 'ಅತೊಲ್ಲೊ' ಮುಂದೆ ನಿಂತು ಮೈಸೂರಿಗೆ ಫೋನು ಹಚ್ಚಿದೆವು.

"ಅಕ್ಕಾ, ಒಂದು ದುಂಡು ಕಂಬ. ಅದರ ತುದಿ ಚೂಪಾಗಿ ಕೆತ್ತಿದ ಪೆನ್ಸಿಲ್ ಥರ. ಅದರ ಮೇಲೆ ಅರ್ಧ ಚೆಂಡು ಕವುಚಿ ಹಾಕಿದೆ. ಗೊತ್ತಾಯ್ತಾ?"

"ಅಣಬೆ ಅನ್ನೇ! ಅದಕ್ಕೆ ಇಷ್ಟುದ್ದ ಹೇಳಬೇಕಾ?"

ಅಕ್ಕನ ಮಗಳು ನಗು ತಡೆಯಲಾರದೆ ಹೊರಗೆ ಹೋದಳು. ಮಾಜಿಸ್ತ್ರೆತ್ತಿ ಇದ್ದಿದ್ದರೆ ಅವರೂ ಒಪ್ಪುತ್ತಿದ್ದರೇನೋ. ಅಕ್ಕನಿಗೆ ಫೋನಿನಲ್ಲಿ ಕಾಣದೇ ಹೋದದ್ದು ಒಂದೇ: ದೀಪ ಹತ್ತಿದಾಗ ಆ ಅರ್ಧ ಚೆಂಡಿಗೆ ಆಧಾರವೇ ಇಲ್ಲದಂತೆ, ಬೆಳಗುವ ಶಂಕುವಿನ ಮೇಲೆ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ.

ಮಾರನೇ ದಿನ ಎಡಿಐ ಡಿಸೈನ್ ಮ್ಯೂಸಿಯಂಗೆ ಹೋದೆವು. ದಾರಿಯಲ್ಲಿ ಗಾಜಿನ ಗೋಪುರಗಳ ನಡುವಿನ ಒಂದು ದುಂಡನೆಯ ಚೌಕ ಸಿಗುತ್ತದೆ, ಅದಕ್ಕೆ ವಾಸ್ತುಶಿಲ್ಪಿ ಗಾಯೆ ಔಲೆಂತಿಯ ಹೆಸರಿಟ್ಟಿದ್ದಾರೆ. ಪ್ಯಾರಿಸಿನ ಹಳೆಯ ರೈಲು ನಿಲ್ದಾಣವನ್ನು ಓರ್ಸೇ ಮ್ಯೂಸಿಯಂ ಆಗಿಸಿದಾಗ ಒಳಾಂಗಣ ರೂಪಿಸಿದವರು ಅವರೇ. ಗಂಡಸರೇ ತುಂಬಿದ್ದ ಈ ದೀಪಲೋಕದಲ್ಲಿ ಅವರ 'ಪಿಪಿಸ್ತ್ರೆಲ್ಲೊ' ಅಂದರೆ ಬಾವಲಿ 1965ರಿಂದ ರೆಕ್ಕೆ ಬಿಚ್ಚಿ ಕೂತಿದೆ. ಪ್ಯಾರಿಸಿನ ಒಲಿವೆತ್ತಿ ಮಳಿಗೆಗೆಂದು ಬರೆದದ್ದು, ಲುಕ್ಕಾ ಊರಿನ ಮಾರ್ತಿನೆಲ್ಲಿಯವರು ತಯಾರಿಸಿದ್ದು. ಹಾಲುಬಣ್ಣದ ಪ್ಲಾಸ್ಟಿಕ್ಕಿನ ಟೊಪ್ಪಿ ನಾಲ್ಕು ರೆಕ್ಕೆಗಳಾಗಿ ಮಡಚಿಕೊಂಡಂತಿದೆ. ಕೆಳಗಿನ ಉಕ್ಕಿನ ಕೊಳವೆ ಎಳೆದರೆ 66 ಸೆಂಟಿಮೀಟರಿನಿಂದ 86ಕ್ಕೆ ಏರುತ್ತದೆ. ಮೇಜಿನ ಮೇಲಿಟ್ಟರೆ ಮೇಜಿನ ದೀಪ, ನೆಲಕ್ಕಿಟ್ಟು ಎಳೆದರೆ ನೆಲದ ದೀಪ.

ಒಂದು ಕಾಲಕ್ಕೆ ಟ್ರಾಮ್ ಡಿಪೊ ಮತ್ತು ವಿದ್ಯುತ್ ಹಂಚುವ ಕೇಂದ್ರವಾಗಿದ್ದ ಜಾಗದಲ್ಲಿ 2021ರಲ್ಲಿ ತೆರೆದ ಈ ಮ್ಯೂಸಿಯಂನಲ್ಲಿರುವುದು ಚಿನ್ನದ ಕೈವಾರ ಗೆದ್ದ ವಸ್ತುಗಳು. ರಿಚರ್ಡ್ ಸಾಪರ್ ಎಂಬ ಜರ್ಮನ್, ಮಿಲಾನಿನಲ್ಲೇ ನೆಲೆಸಿ 1972ರಲ್ಲಿ ಆರ್ತೆಮಿದೆಗೆ ಮಾಡಿಕೊಟ್ಟ 'ತಿತ್ಸಿಯೊ' ಗೆದ್ದದ್ದು 1979ರಲ್ಲಿ. ಉದ್ದನೆಯ ಎರಡು ಕಪ್ಪು ತೋಳು, ತುದಿಯಲ್ಲಿ ಬೆರಳಗಲದ ತಲೆ. ತೋಳುಗಳ ಹಿಂದೆ ತಕ್ಕಡಿಯ ಬಟ್ಟಿನಂಥ ತೂಕ. ಇದರಲ್ಲಿ ತಂತಿಯೇ ಕಾಣುವುದಿಲ್ಲ. ಬುಡದಲ್ಲಿ ಅಡಗಿದ ಟ್ರಾನ್ಸ್‌ಫಾರ್ಮರು ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುತ್ತದೆ. ಆ ಸೌಮ್ಯವಾದ ಕರೆಂಟು ಲೋಹದ ತೋಳುಗಳಲ್ಲೇ ಹರಿದು ತುದಿಯ ಹ್ಯಾಲೊಜನ್ ಬಲ್ಬು ಮುಟ್ಟುತ್ತದೆ. ಕಾರಿನ ದೀಪಕ್ಕಿದ್ದ ಹ್ಯಾಲೊಜನ್ನನ್ನು ಓದುವ ಮೇಜಿಗೆ ತಂದವರಲ್ಲಿ ಸಾಪರ್ ಮೊದಲಿಗರ ಸಾಲಿನವರು. ಬೆರಳ ತುದಿಯಲ್ಲಿ ತಳ್ಳಿದರೆ ತೋಳು ತೇಲಿ ಹೋಗಿ ಹೇಳಿದಲ್ಲಿ ನಿಲ್ಲುತ್ತದೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ಬೆರಳು ಮುಂದೆ ಹೋಯಿತು. ಕಾವಲಿನಾಕೆ ಗಂಟಲು ಸರಿಮಾಡಿಕೊಂಡಳು.

ಮ್ಯೂಸಿಯಂಗಳ ಕಷ್ಟವೇ ಇದು. ಕೈಗಾಗಿ ಮಾಡಿದ ವಸ್ತುವನ್ನು ಕಣ್ಣಿಗಷ್ಟೇ ಕೊಡುತ್ತಾರೆ. ತಪ್ಪೆನ್ನಲಾರೆ, ದಿನಾ ಬರುವವರೆಲ್ಲ ಒಂದೊಂದು ಸಲ ತಳ್ಳಿದರೆ ಆ ತೋಳಿನ ಗತಿಯೇನು? ಆದರೆ ಆರಿಸಿಟ್ಟ ದೀಪ ನೋಡುವುದು, ಬಾಯಿ ಕಟ್ಟಿದ ಗಾಯಕಿಯ ಕಛೇರಿಗೆ ಹೋದಂತೆ.

ಮುಟ್ಟುವ ಆಸೆ ತೀರಿದ್ದು ಬ್ರೆರಾ ಕಡೆಯ ಒಂದು ಹಳೆ ದೀಪದಂಗಡಿಯಲ್ಲಿ. ಅಂಗಡಿಯ ಯಜಮಾನರು ಎಪ್ಪತ್ತು ದಾಟಿದವರು. ನಾವು ಕೊಳ್ಳುವ ಗಿರಾಕಿಗಳಲ್ಲ ಎಂಬುದು ಅವರಿಗೆ ಮೊದಲ ನೋಟಕ್ಕೇ ಗೊತ್ತಾಗಿತ್ತು. ಆದರೂ ಹುಡುಗಿಯ ಇಟಾಲಿಯನ್ ಮಾತಿಗೋ ನನ್ನ ಸೀರೆಗೋ ಮನಸೋತು ಒಂದೊಂದಾಗಿ ಹಚ್ಚಿ ತೋರಿಸಿದರು. ವಿನ್ಯಾಸಕ ಜೋ ಕೊಲಂಬೊ ತಮ್ಮ ಸೋದರ ಜ್ಯಾನಿಯ ಜೊತೆ 1962ರಲ್ಲಿ ಮಾಡಿದ 'ಅಕ್ರಿಲಿಕಾ' ಅಲ್ಲಿತ್ತು. ಗಾಜಿನಂಥ ದಪ್ಪ ಪ್ಲಾಸ್ಟಿಕ್ಕು ಅಲೆಯಂತೆ ಬಾಗಿ ನಿಂತಿದೆ. ಟ್ಯೂಬ್‌ಲೈಟು ಬುಡದಲ್ಲಿದೆ, ಆದರೆ ಬೆಳಕು ಆ ಬಾಗಿದ ಮೈಯೊಳಗೇ ಏರಿಹೋಗಿ ಮೇಲಿನ ತುದಿಯಲ್ಲಿ ಹೊರಬೀಳುತ್ತದೆ. ನಡುವೆ ಎಲ್ಲೂ ಸೋರುವುದಿಲ್ಲ. ಕೈಯಿಟ್ಟು ನೋಡಿದೆ, ತಣ್ಣಗಿತ್ತು! ಇದನ್ನು ಮಾಡಿದಾಗ ಕೊಲಂಬೊಗೆ ಮೂವತ್ತೆರಡರ ಆಸುಪಾಸು. 1971ರಲ್ಲಿ, ನಲವತ್ತೊಂದನೇ ಹುಟ್ಟುಹಬ್ಬದ ದಿನವೇ ತೀರಿಕೊಂಡರು.

ಆಮೇಲೆ ಯಜಮಾನರು ಕಪಾಟಿನಿಂದ ತೆಗೆದದ್ದು ಒಂದು ಪುಟ್ಟ ಚರ್ಮದ ಚೀಲ. ಅದರ ನೆತ್ತಿಯಲ್ಲಿ ಸಣ್ಣ ಲೋಹದ ಕೊಳವೆ. ಇದು ಜೀನೊ ಸರ್ಫಾತ್ತಿಯ 1966ರ ದೀಪ. ಹೆಸರಿಲ್ಲ, ನಂಬರಷ್ಟೇ: 600. ಬಹುಮಾನದ ಮೊದಲ ವರ್ಷ, 1954ರಲ್ಲಿ, 559ನೇ ನಂಬರಿನ ಮೇಜಿನ ದೀಪಕ್ಕೆ ಕೈವಾರ ಗೆದ್ದವರು ಇವರೇ. ವೆನಿಸಿನಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದನ್ನು ಮನೆಯ ತಾಪತ್ರಯಕ್ಕೆ ಅರ್ಧಕ್ಕೇ ಬಿಟ್ಟು, 1939ರಲ್ಲಿ ಆರ್ತೆಲೂಚೆ ಎಂಬ ಕಂಪನಿ ಶುರುಮಾಡಿದರು. ಯಹೂದಿಯಾಗಿದ್ದರಿಂದ ಯುದ್ಧದ ನಡುವೆ ಸ್ವಿಟ್ಜರ್ಲೆಂಡಿಗೆ ಓಡಿಹೋಗಬೇಕಾಯಿತು. ತಿರುಗಿ ಬಂದು ನೂರಾರು ದೀಪ ಮಾಡಿದರು. 1970ರ ದಶಕದಲ್ಲಿ ಕಂಪನಿಯನ್ನು ಫ್ಲೋಸ್‌ಗೆ ಮಾರಿ ಕೋಮೊ ಸರೋವರದ ದಂಡೆ ಸೇರಿ, ಉಳಿದ ಆಯುಷ್ಯವನ್ನು ಅಪರೂಪದ ಅಂಚೆಚೀಟಿಗಳ ಜೊತೆ ಕಳೆದರು. ಇಂಥ ಬದುಕಿನವರು ತಮ್ಮ ದೀಪಗಳಿಗೆ ಬಾವಲಿ, ಗ್ರಹಣ ಎಂದೆಲ್ಲ ನಾಮಕರಣ ಮಾಡಲಿಲ್ಲ. ಲೆಕ್ಕದ ಪುಸ್ತಕದವರಂತೆ ನಂಬರು ಕೊಟ್ಟು ಸುಮ್ಮನಾದರು.

ಚೀಲವನ್ನು ನನ್ನ ಅಂಗೈ ಮೇಲಿಟ್ಟರು. ಗಾತ್ರಕ್ಕೆ ಮೀರಿದ ಭಾರ. ಒಳಗೆಲ್ಲ ಸೀಸದ ಗುಂಡುಗಳು. ಮೇಜಿನ ಮೇಲಿಟ್ಟು ಒತ್ತಿದರೆ ಗುಂಡುಗಳು ಸರಸರ ಸರಿದು ದೀಪ ಎಡಕ್ಕೆ ವಾಲಿ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಬಲಕ್ಕೆ. ಓರೆಯಾದ ಪುಸ್ತಕದ ಬೆನ್ನಿಗೂ ಒರಗುತ್ತದೆ. ತಾಚ್ಚಾದಲ್ಲಿ ಬೋಗುಣಿಯ ತೂಕ, ತಿತ್ಸಿಯೊದಲ್ಲಿ ಬಟ್ಟಿನ ತೂಕ, ಇಲ್ಲಿ ಗುಂಡುಗಳ ತೂಕ. ಸ್ಪ್ರಿಂಗುಗಳಿಗೆ ರಜೆ. ಚರ್ಮ ಸವೆದು ಒಂದು ಕಡೆ ಮಾತ್ರ ನುಣ್ಣಗಾಗಿತ್ತು. ಐವತ್ತಕ್ಕೂ ಹೆಚ್ಚು ವರ್ಷ ಯಾರೋ ದಿನವೂ ಅಲ್ಲಿಯೇ ಹೆಬ್ಬೆರಳಿಟ್ಟು ಒತ್ತಿದ್ದಾರೆ. ಇವರು ಬಲಗೈಯವರೇ ಇರಬೇಕು ಎಂದ ನನ್ನ ಮಾತನ್ನು ಹುಡುಗಿ ಇಟಾಲಿಯನ್ನಿಗೆ ತಿರುಗಿಸಿದಳು. ಯಜಮಾನರು ದೀಪ ಇಸಿದುಕೊಂಡು ತಾವೂ ಒತ್ತಿ ನೋಡಿ, ಹೌದೆಂದು ತಲೆಯಾಡಿಸಿದರು.

ಈಗ ಬಲ್ಬುಗಳಿಗೆ ಬಿಸಿಯ ಕಾಟ ಅಷ್ಟಾಗಿ ಉಳಿದಿಲ್ಲ. ಯುರೋಪಿನಲ್ಲಿ 2009ರಿಂದ 2012ರೊಳಗೆ ತಂತಿಬಲ್ಬುಗಳನ್ನು ಅಂಗಡಿಗಳಿಂದ ಹಂತಹಂತವಾಗಿ ತೆಗೆದರು. ತಾಚ್ಚಾ ಈಗ ಎಲ್‌ಇಡಿಯಲ್ಲೂ ಸಿಗುತ್ತದೆ. ಏಣುಗಳು ಹಾಗೇ ಇವೆ. ಎಕ್ಲಿಸ್ಸೆ ಬೆರಳು ಸುಡುವುದಿಲ್ಲ. ಇಂದಿನ ಬಹುಪಾಲು ಹೊಸ ದೀಪಗಳಿಗೆ ಬುಡ ಮುಟ್ಟಿದರೆ ಸಾಕು, ಇಲ್ಲವೇ ಫೋನಿನಲ್ಲಿ ಬೆರಳಾಡಿಸಿದರೆ ಸಾಕು. ಅನುಕೂಲ ನಿಜ. ಆದರೆ ಫೋನಿನ ಗಾಜನ್ನು ಎಷ್ಟು ಉಜ್ಜಿದರೂ ದೀಪದ ಭಾರವಾಗಲಿ ಕಾವಾಗಲಿ ಬೆರಳಿಗೆ ಗೊತ್ತಾಗುವುದಿಲ್ಲ, ಮತ್ತು ನನಗೆ ಅದು ನಷ್ಟ ಅನ್ನಿಸುತ್ತದೆ.

ಹೊರಡುವಾಗ ಹುಡುಗಿಯ ಕಣ್ಣು ಯಜಮಾನರ ಗಲ್ಲಾಪೆಟ್ಟಿಗೆಯ ಮೇಲಿನ ದೀಪದ ಕಡೆ ಹೋಯಿತು. ಹೆಸರು ದೆಸೆಯಿಲ್ಲದ ಸಾದಾ ದೀಪ. "ಚಿಕ್ಕಮ್ಮ, ದೀಪ ಬಿಡು, ಅದರ ವೈರಿನಲ್ಲಿರೋ ಸ್ವಿಚ್ ನೋಡು. ಕಾಸ್ತಿಲ್ಯೋನಿ ಅಣ್ಣತಮ್ಮಂದಿರದ್ದು, 1968ರದ್ದು." ಕಪ್ಪು ಪ್ಲಾಸ್ಟಿಕ್ಕಿನ, ಒಂದು ಮೈ ದುಂಡಗೆ ಇರುವ ಮಾಮೂಲಿ ಸ್ವಿಚ್ಚು. ವಿಎಲ್‌ಎಂ ಎಂಬ ಕಂಪನಿಗೆ ಮಾಡಿಕೊಟ್ಟದ್ದು. ಲಕ್ಷಾಂತರ ಮನೆಗಳಲ್ಲಿದೆ, ಯಾರು ಮಾಡಿದ್ದೆಂದು ಯಾರೂ ಕೇಳುವುದಿಲ್ಲ. ಅಕಿಲೆಗೆ ತಮ್ಮ ಕೆಲಸಗಳಲ್ಲೆಲ್ಲ ಇದರ ಮೇಲೆ ವಿಶೇಷ ಹೆಮ್ಮೆಯಿತ್ತು. ಕತ್ತಲಲ್ಲಿ ತಡಕಿದರೂ ಬೆರಳಿಗೆ ಅದರ ಆಕಾರ ಥಟ್ಟನೆ ತಿಳಿಯುತ್ತದೆ. ಒತ್ತಿದರೆ ಖಚಿತವಾದ ಒಂದು 'ಟಕ್'.

ಮೂಲೆ ತಿರುಗಿದರೆ ಒಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬೀಗ, ಹಗ್ಗದ ನಡುವೆ ಈ ಸ್ವಿಚ್ಚುಗಳು ಡಬ್ಬಿಯಲ್ಲಿ ರಾಶಿಬಿದ್ದಿದ್ದವು. ಒಂದಕ್ಕೆ ಒಂದು ಕಾಫಿ, ಒಂದು ಬನ್ನಿನಷ್ಟು ಬೆಲೆ. ಇಟಲಿಯಲ್ಲೂ 230 ವೋಲ್ಟು, ನಮ್ಮಲ್ಲೂ ಅಷ್ಟೇ, ಹಾಗಾಗಿ ಆ ಚಿಂತೆಯಿಲ್ಲ.

"ಬಿಳೀದೋ ಕರೀದೋ ಅಂತ ಕೇಳ್ತಿದಾರೆ" ಎಂದಳು ಹುಡುಗಿ.

"ಎರಡೆರಡು ಕೊಡೋಕೆ ಹೇಳೇ. ನಿಮ್ಮಮ್ಮನಿಗೂ ಒಂದು ಇರಲಿ."